ಮೂರು ಪಟ್ಟಿಯೂ ಒಂದು ಮೊಣಕಾಲೂ: ಗಾಯ, ದೈಹಿಕ ಪರೀಕ್ಷೆ ಮತ್ತು ಸೈನಿಕರ ಬಡ್ತಿಯ ಚರಿತ್ರೆ



ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಹಾಸನದ ನಮ್ಮ ಮನೆಯ ಗೇಟಿನ ಬಳಿ ಒಬ್ಬ ನಡುವಯಸ್ಸಿನ ವ್ಯಕ್ತಿ ಬಂದು ನಿಂತರು. ನೆಟ್ಟಗಿನ ಬೆನ್ನು, ಕತ್ತರಿಸಿದ ಮೀಸೆ, ಕೈಯಲ್ಲಿ ಒಂದು ಚೀಲ ತೆಂಗಿನಕಾಯಿ. ಮೂರು ಮೆಟ್ಟಿಲು ಹತ್ತುವಾಗ ಮಾತ್ರ ಬಲಗೈಯಿಂದ ಕಂಬಿಯನ್ನು ಹಿಡಿದುಕೊಂಡರು. "ಗುರುತು ಸಿಕ್ತಾ ಸಾರ್?" ಎಂದಾಗ ದನಿಯಿಂದಲೇ ಗುರುತು ಹತ್ತಿತು. ನಾನು ಹೊಳೆನರಸೀಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದಾಗ ಹತ್ತನೆಯ ತರಗತಿಯಲ್ಲಿ ಓದಿದ ಹುಡುಗ. ಓದಿನಲ್ಲಿ ಸಾಧಾರಣ, ಓಟದಲ್ಲಿ ಅಸಾಧಾರಣ. ಅವನು ಸೈನ್ಯಕ್ಕೆ ಸೇರುವಾಗ ನಡತೆ ಪ್ರಮಾಣಪತ್ರವನ್ನು ಬರೆದುಕೊಟ್ಟವನು ನಾನೇ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಕೋರಿಕೆಯೂ ಅದೇ ಆಗಿತ್ತು.

ಕಾಫಿ ಕುಡಿಯುತ್ತಾ, "ಏನಪ್ಪಾ, ಸುಬೇದಾರನಾಗಿ ನಿವೃತ್ತಿಯಾದೆಯೋ?" ಎಂದು ಕೇಳಿದೆ. ಅವನು ನಕ್ಕು ತನ್ನ ಬಲ ಮೊಣಕಾಲನ್ನು ತಟ್ಟಿ, "ಇಲ್ಲ ಸಾರ್, ಹವಾಲ್ದಾರಾಗೇ ಬಂದೆ. ಮೂರು ಪಟ್ಟಿಗೇ ಇದು ನಿಲ್ಲಿಸ್ಬಿಡ್ತು" ಎಂದ. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಸಮಾಜವಿಜ್ಞಾನದ ಮೇಷ್ಟರಾಗಿ ಯುದ್ಧಗಳ ಇಸವಿಗಳನ್ನೂ ಒಪ್ಪಂದಗಳ ಷರತ್ತುಗಳನ್ನೂ ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಕಂಠಪಾಠ ಮಾಡಿಸಿದವನು ನಾನು. ಯುದ್ಧ ಮಾಡುವವನ ಮೊಣಕಾಲಿಗೂ ಒಂದು ಚರಿತ್ರೆಯಿದೆ ಎಂಬುದನ್ನು ಎಂದೂ ಪಾಠ ಮಾಡಿರಲಿಲ್ಲ. ಆ ಕೊರತೆಯನ್ನು ಈ ಲೇಖನದಲ್ಲಿ ತುಂಬಿಕೊಡುವ ಪ್ರಯತ್ನ ಮಾಡಿದ್ದೇನೆ.

ಕಲ್ಲಿನಲ್ಲಿ ಇಲ್ಲದವರು

ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ಕೆರೆಯ ಏರಿಯ ಮೇಲೋ ಊರಬಾಗಿಲಿನಲ್ಲೋ ಅರ್ಧ ಹೂತುಹೋದ ಒಂದು ಕಲ್ಲನ್ನು ನೋಡದವರು ನಿಮ್ಮಲ್ಲಿ ಯಾರೂ ಇರಲಾರರು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲಿನದರಲ್ಲಿ ದೇವರ ಸಾನ್ನಿಧ್ಯ. ತುರುಗಳನ್ನು ಕಾಯಲು ಹೋಗಿ ಮಡಿದವನು, ಊರಿನ ಅಳಿವಿನಲ್ಲಿ ಕಾದಾಡಿ ಸತ್ತವನು, ಒಡೆಯನಿಗಾಗಿ ಪ್ರಾಣ ಕೊಟ್ಟವನು, ಇವರೆಲ್ಲರಿಗೂ ಕಲ್ಲು ನಿಂತಿದೆ. ಮಡಿದವನ ಕುಟುಂಬಕ್ಕೆ ಭೂಮಿಯನ್ನು ಬಿಡುವ ಪದ್ಧತಿಯೂ ಇತ್ತು. ಶಾಸನಗಳಲ್ಲಿ ಅದಕ್ಕೆ ನೆತ್ತರುಗೊಡಗೆ ಎಂಬ ಹೆಸರು. ವೀರನ ಶೌರ್ಯಕ್ಕೆ ಮೆಚ್ಚಿ ಕೊಡುವ ದತ್ತಿಗಳಿಗೆ ಬಾಳ್ಗಳ್ಚು, ಕಲ್ನಾಡು ಎಂಬ ಹೆಸರುಗಳೂ ದೊರೆಯುತ್ತವೆ. ಸೈನಿಕನ ರಕ್ತಕ್ಕೆ ಆಳುವವನು ಋಣಿಯಾಗಿರುತ್ತಾನೆ ಎಂಬ ತತ್ತ್ವ ನಮ್ಮ ನೆಲಕ್ಕೆ ಹೊಸದಲ್ಲ.

ಆದರೆ ಒಂದು ಸಂಗತಿಯನ್ನು ಗಮನಿಸಿ. ವೀರಗಲ್ಲು ಸತ್ತವನಿಗಾಗಿ ನಿಲ್ಲುವ ಕಲ್ಲು. ಅದೇ ಕಾಳಗದಲ್ಲಿ ಕಾಲು ಮುರಿದುಕೊಂಡು ಮನೆಗೆ ಬಂದು, ಉಳಿದ ಇಪ್ಪತ್ತು ವರ್ಷ ಜಗಲಿಯ ಮೇಲೆ ಕುಳಿತವನಿಗೆ ಯಾವ ಅಪ್ಸರೆಯೂ ಬರುವುದಿಲ್ಲ. ಸತ್ತವನ ಲೆಕ್ಕ ಒಂದೇ ದಿನದಲ್ಲಿ ಮುಗಿಯುತ್ತದೆ. ಗಾಯಗೊಂಡವನ ಲೆಕ್ಕವನ್ನು ಪ್ರತಿದಿನವೂ ಬರೆಯಬೇಕಾಗುತ್ತದೆ. ಆ ಲೆಕ್ಕವನ್ನು ಬರೆಯುವ ವ್ಯವಸ್ಥೆ ನಮ್ಮಲ್ಲಿ ಬಂದದ್ದು ಬಹಳ ತಡವಾಗಿ.

ಮೈಸೂರು ಸೇನೆಯಿಂದ ಪುಣೆಯವರೆಗೆ

ಮೊದಲನೆಯ ಮಹಾಯುದ್ಧದಲ್ಲಿ ನಮ್ಮ ಮೈಸೂರು ಸಂಸ್ಥಾನದ ಅಶ್ವದಳವು ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್‌ಗಳಲ್ಲಿ ಹೋರಾಡಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದೊಡನೆ ಸೇರಿ ಹೈಫಾ ನಗರವನ್ನು ಗೆದ್ದ ಕಥೆಯನ್ನು ತರಗತಿಯಲ್ಲಿ ನಾನು ಹೇಳಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅದೇ ಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳನ್ನು ಇಂಗ್ಲೆಂಡಿನ ಬ್ರೈಟನ್ ನಗರದ ಅರಮನೆಯಲ್ಲಿ ತೆರೆದ ಆಸ್ಪತ್ರೆಗೆ ಸಾಗಿಸುತ್ತಿದ್ದರು. ಅರಮನೆಯಲ್ಲಿ ಹಾಸಿಗೆ ದೊರೆತರೂ ಸಿಪಾಯಿಗಳಿಗೆ ನೆಮ್ಮದಿಯಿರಲಿಲ್ಲ. ಗುಣವಾದ ಕೂಡಲೇ ಮತ್ತೆ ಕಂದಕಗಳಿಗೆ ಕಳುಹಿಸುತ್ತಾರೆಂಬ ಅಳಲು ಅವರು ಊರಿಗೆ ಬರೆದ ಪತ್ರಗಳಲ್ಲಿ ಪದೇಪದೇ ಬರುತ್ತದೆ. ವೈದ್ಯನು ಬರೆಯುವ ಒಂದು ಪದ, ಯೋಗ್ಯ ಅಥವಾ ಅಯೋಗ್ಯ ಎಂಬುದು, ಸಿಪಾಯಿಯ ಜೀವ ಮತ್ತು ಸಂಬಳ ಎರಡನ್ನೂ ನಿರ್ಧರಿಸತೊಡಗಿದ್ದು ಇಂತಹ ಕಾಲದಲ್ಲಿ.

ಅಂಗಹೀನರಾಗಿ ಮರಳಿದವರಿಗೆ ಕೈಕೆಲಸ ಕಲಿಸಲೆಂದು 1917ರಲ್ಲಿ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ ಸ್ಥಾಪಿತವಾಯಿತು. ಎರಡನೆಯ ಮಹಾಯುದ್ಧದ ನಡುವೆ, 1944ರಲ್ಲಿ, ಪುಣೆಯಲ್ಲಿ ಕೃತಕ ಅಂಗ ಕೇಂದ್ರ ಆರಂಭವಾಯಿತು. ಈ ಸಂಸ್ಥೆಗಳ ಉದ್ದೇಶ ಒಳ್ಳೆಯದೇ. ಆದರೆ ಅವುಗಳ ಹಿಂದಿದ್ದ ಭಾವನೆ ಏನೆಂದರೆ, ಗಾಯಾಳುವಿಗೆ ಒಂದು ಕಸುಬನ್ನು ಕಲಿಸಿ ಗೌರವದಿಂದ ಊರಿಗೆ ಕಳುಹಿಸಬೇಕು ಎಂಬುದು. ಅವನು ಸೈನ್ಯದಲ್ಲಿಯೇ ಉಳಿದು ಮೇಲೇರಬಹುದೆಂಬ ಕಲ್ಪನೆ ಬಲಗೊಳ್ಳಲು ಸ್ವತಂತ್ರ ಭಾರತದ ಯುದ್ಧಗಳು ನಡೆಯಬೇಕಾಯಿತು.

ಐದು ಅಕ್ಷರಗಳ ಜಾತಕ

ಈಗ ಮೂಲ ವಿಷಯಕ್ಕೆ ಬರುತ್ತೇನೆ. ನಮ್ಮ ಸೇನೆಯಲ್ಲಿ ಪ್ರತಿಯೊಬ್ಬನಿಗೂ ಒಂದು ವೈದ್ಯಕೀಯ ಶ್ರೇಣಿ ಇರುತ್ತದೆ. ಅದನ್ನು 'ಶೇಪ್' ಎಂಬ ಐದು ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುತ್ತಾರೆ. ಎಸ್ ಎಂದರೆ ಮಾನಸಿಕ ಸ್ಥಿತಿ, ಎಚ್ ಎಂದರೆ ಶ್ರವಣಶಕ್ತಿ, ಎ ಎಂದರೆ ಕೈಕಾಲುಗಳು, ಪಿ ಎಂದರೆ ಒಟ್ಟಾರೆ ದೇಹಸಾಮರ್ಥ್ಯ, ಇ ಎಂದರೆ ದೃಷ್ಟಿ. ಪ್ರತಿ ಅಕ್ಷರಕ್ಕೂ 1ರಿಂದ 5ರವರೆಗೆ ಅಂಕ. ನಾವು ಶಾಲೆಯಲ್ಲಿ ಹೆಚ್ಚು ಅಂಕ ಬಂದರೆ ಹಿಗ್ಗುತ್ತಿದ್ದೆವು. ಇಲ್ಲಿ ಅದು ತಿರುವುಮುರುವು. 1 ಬಂದರೆ ಎಲ್ಲಿಗೆ ಬೇಕಾದರೂ ಹೋಗಿ ಏನು ಬೇಕಾದರೂ ಮಾಡಬಲ್ಲವನೆಂದು ಅರ್ಥ. 2 ಮತ್ತು 3 ಬಂದರೆ ಎತ್ತರದ ಪ್ರದೇಶ, ಭಾರ ಹೊರುವಿಕೆ, ದೂರದ ಓಟ ಮುಂತಾದವುಗಳಿಗೆ ಮಿತಿಗಳು ಬೀಳುತ್ತವೆ. 4 ಎಂದರೆ ಸದ್ಯಕ್ಕೆ ಸೈನಿಕ ಕರ್ತವ್ಯಕ್ಕೆ ಬಾರದವನು. 5 ಎಂದರೆ ಕಾಯಮ್ಮಾಗಿ ಅಯೋಗ್ಯನು, ಅಂದರೆ ಮನೆಯ ದಾರಿ.

1ಕ್ಕಿಂತ ಕೆಳಗಿಳಿದವನನ್ನು ಕೆಳ ವೈದ್ಯಕೀಯ ಶ್ರೇಣಿಯವನೆನ್ನುತ್ತಾರೆ. ಮೊದಲು ಅದು ತಾತ್ಕಾಲಿಕ; ಕೆಲವು ತಿಂಗಳುಗಳ ನಂತರ ಮತ್ತೆ ಮೆಡಿಕಲ್ ಬೋರ್ಡಿನ ಮುಂದೆ ನಿಲ್ಲಬೇಕು. ಗುಣವಾಗದಿದ್ದರೆ ಕಾಯಂ ಎಂದು ಬರೆಯುತ್ತಾರೆ. ಅನಂತರವೂ ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ಮರುಪರಿಶೀಲನೆ ಉಂಟು.

ಇದರ ಜೊತೆಗೆ ದೈಹಿಕ ಪರೀಕ್ಷೆಗಳು ಬೇರೆ. ವೈದ್ಯಕೀಯ ಶ್ರೇಣಿ ದೇಹದ ಸ್ಥಿತಿಯನ್ನು ಹೇಳಿದರೆ, ಈ ಪರೀಕ್ಷೆಗಳು ದೇಹದ ಕೆಲಸವನ್ನು ಅಳೆಯುತ್ತವೆ. ಬಹುಕಾಲದಿಂದ ನಡೆದುಬಂದಿರುವ ಪರೀಕ್ಷೆಗಳು ಎರಡು. ಒಂದರಲ್ಲಿ 2.4 ಕಿ.ಮೀ. ಓಟ, ಕಂಬಿಗೆ ಗಲ್ಲ ಮುಟ್ಟಿಸುವುದು, ಮಲಗಿ ಏಳುವುದು ಮುಂತಾದವು. ಇನ್ನೊಂದು ಸಮರ ಪರೀಕ್ಷೆ: ಬಂದೂಕು ಮತ್ತು ಬೆನ್ನಿನ ಹೊರೆಯೊಡನೆ 5 ಕಿ.ಮೀ. ಓಟ, 9 ಅಡಿಯ ಹಳ್ಳದ ಜಿಗಿತ, ಹಗ್ಗ ಹತ್ತುವುದು. ವಯಸ್ಸಿಗೆ ತಕ್ಕಂತೆ ನಿಮಿಷಗಳ ಮಿತಿ ಸಡಿಲವಾಗುತ್ತದೆ. ವೈದ್ಯರು ಯೋಗ್ಯನೆಂದು ಬರೆದವನೂ ಇಲ್ಲಿ ಅನುತ್ತೀರ್ಣನಾಗಬಹುದು. ಬಡ್ತಿಗೆ ಹೆಸರು ಪರಿಶೀಲನೆಗೆ ಬಂದಾಗ ಎರಡೂ ಕಾಗದಗಳನ್ನು ನೋಡುತ್ತಾರೆ. ಬಡ್ತಿಯ ಕೇಡರ್ ಎಂಬ ತರಬೇತಿಯಲ್ಲಿ ತೇರ್ಗಡೆಯಾಗಬೇಕು, ಶಿಸ್ತಿನ ದಾಖಲೆ ಸ್ವಚ್ಛವಾಗಿರಬೇಕು, ಮೇಲಧಿಕಾರಿಗಳ ವಾರ್ಷಿಕ ವರದಿ ಚೆನ್ನಾಗಿರಬೇಕು, ಹುದ್ದೆ ಖಾಲಿಯಿರಬೇಕು. ಇವೆಲ್ಲವೂ ಇದ್ದು, ಆ ಎ ಅಕ್ಷರದ ಮುಂದೆ 3 ಎಂದಿದ್ದರೆ ಸರದಿ ಅವನನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ.

ನಾಗರಿಕ ಸೇವೆಯಲ್ಲಿದ್ದ ನಮಗೆ ಇದರ ತೀವ್ರತೆ ಸುಲಭವಾಗಿ ಅರ್ಥವಾಗುವುದಿಲ್ಲ. ನನಗೆ ಬಡ್ತಿ ತಪ್ಪಿದ್ದರೂ ನಿವೃತ್ತಿಯ ವಯಸ್ಸು ಬದಲಾಗುತ್ತಿರಲಿಲ್ಲ. ಸೈನ್ಯದಲ್ಲಿ ಹಾಗಲ್ಲ. ಅಲ್ಲಿ ಸೇವೆಯ ಅವಧಿಯೇ ಹುದ್ದೆಗೆ ಕಟ್ಟಿಕೊಂಡಿದೆ. ಸಿಪಾಯಿಗಿಂತ ನಾಯಕ್‌ಗೆ, ನಾಯಕ್‌ಗಿಂತ ಹವಾಲ್ದಾರನಿಗೆ, ಹವಾಲ್ದಾರನಿಗಿಂತ ನಾಯಬ್ ಸುಬೇದಾರನಿಗೆ ಹೆಚ್ಚು ವರ್ಷಗಳ ಸೇವೆ. ಕೊನೆಯಲ್ಲಿ ಸಿಗುವ ಎರಡು ವರ್ಷಗಳ ವಿಸ್ತರಣೆಗೂ ದೇಹಾರೋಗ್ಯದ ಪರಿಶೀಲನೆ ಇದೆ. ಆದ್ದರಿಂದ ಒಂದು ಬಡ್ತಿ ತಪ್ಪಿದರೆ ತಪ್ಪುವುದು ಹೆಗಲ ಮೇಲಿನ ಚಿಹ್ನೆಯೊಂದೇ ಅಲ್ಲ. ಮಗಳ ಕಾಲೇಜಿನ ವರ್ಷಗಳಲ್ಲಿ ಬರಬೇಕಾದ ಸಂಬಳ ತಪ್ಪುತ್ತದೆ, ಬದುಕಿನುದ್ದಕ್ಕೂ ಬರುವ ಪಿಂಚಣಿ ತಗ್ಗುತ್ತದೆ.

ಕಾಲಿಲ್ಲದೆ ಮೇಲೇರಿದವರು

ಈ ನಿಯಮಗಳ ಗೋಡೆಯನ್ನು ಹತ್ತಿ ದಾಟಿದ ಕೆಲವರಿದ್ದಾರೆ. ಅವರ ಕಥೆಗಳನ್ನು ಪ್ರತಿ ಶಾಲೆಯಲ್ಲೂ ಹೇಳಬೇಕು.

ಮೇಜರ್ ಜನರಲ್ ಇಯಾನ್ ಕಾರ್ಡೋಜೊ ಅವರು 1971ರ ಯುದ್ಧದಲ್ಲಿ ಗೂರ್ಖಾ ಪಡೆಯ ಮೇಜರ್ ಆಗಿ ಇಂದಿನ ಬಾಂಗ್ಲಾದೇಶದ ಸಿಲ್ಹೆಟ್‌ನಲ್ಲಿದ್ದರು. ನೆಲಬಾಂಬಿನ ಮೇಲೆ ಕಾಲಿಟ್ಟು ಕಾಲು ಛಿದ್ರವಾಯಿತು. ನೋವು ನಿವಾರಕ ಮದ್ದೂ ಇಲ್ಲ, ಶಸ್ತ್ರಚಿಕಿತ್ಸೆಯ ಸಲಕರಣೆಯೂ ಇಲ್ಲ. ತಮ್ಮದೇ ಖುಕ್ರಿಯಿಂದ ಆ ಕಾಲನ್ನು ಕತ್ತರಿಸಿದರು. ಅನಂತರ ಶಸ್ತ್ರಚಿಕಿತ್ಸೆ ಮಾಡಿದವನು ಸೆರೆಸಿಕ್ಕಿದ್ದ ಪಾಕಿಸ್ತಾನಿ ವೈದ್ಯ. ಆದರೆ ಅವರ ಕಠಿಣವಾದ ಯುದ್ಧ ಆರಂಭವಾದದ್ದು ಆಮೇಲೆ. ಮರದ ಕಾಲಿನವನಿಗೆ ಪದಾತಿ ದಳದ ನಾಯಕತ್ವವನ್ನು ಕೊಡಲಾಗದೆಂಬ ನಿಲುವಿನೆದುರು ಅವರು ದೈಹಿಕ ಪರೀಕ್ಷೆಗೆ ನಿಂತು, ಎರಡು ಕಾಲಿದ್ದ ಅಧಿಕಾರಿಗಳನ್ನೇ ಓಟದಲ್ಲಿ ಹಿಂದೆ ಹಾಕಿದರು. ಆಗಿನ ಭೂಸೇನಾ ಮುಖ್ಯಸ್ಥ ಜನರಲ್ ಟಿ. ಎನ್. ರೈನಾ ಅವರು ಲಡಾಖಿನ ಪರ್ವತಗಳಲ್ಲಿ ಇವರ ನಡಿಗೆಯನ್ನು ಗಮನಿಸಿದ ಮೇಲೆ ಹಾದಿ ತೆರೆಯಿತು. ರೈನಾ ಅವರೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಂದು ಕಣ್ಣನ್ನು ಕಳೆದುಕೊಂಡಿದ್ದವರು. ಅಂಗ ಕಳೆದುಕೊಂಡವನ ಸಾಮರ್ಥ್ಯವನ್ನು ತೂಗಲು ಅಂಗ ಕಳೆದುಕೊಂಡವನೇ ಕುರ್ಚಿಯಲ್ಲಿದ್ದದ್ದು ಚರಿತ್ರೆಯ ಒಂದು ಸುಯೋಗ. ಕಾರ್ಡೋಜೊ ಅವರು ಕೃತಕ ಕಾಲಿನೊಡನೆ ಮೊದಲು ಬೆಟಾಲಿಯನ್ನನ್ನೂ ಅನಂತರ ಬ್ರಿಗೇಡನ್ನೂ ಮುನ್ನಡೆಸಿದರು.

ಲೆಫ್ಟಿನೆಂಟ್ ಜನರಲ್ ವಿಜಯ್ ಓಬೆರಾಯ್ ಅವರದು ಮರಾಠಾ ಲಘು ಪದಾತಿ ದಳ. ಆ ದಳದ ತರಬೇತಿ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ. 1965ರ ಯುದ್ಧದಲ್ಲಿ ಒಂದು ಕಾಲನ್ನು ಕಳೆದುಕೊಂಡ ಅವರು ಮುಂದೆ ಭೂಸೇನೆಯ ಉಪಮುಖ್ಯಸ್ಥರ ಹುದ್ದೆಯವರೆಗೆ ಏರಿ 2001ರಲ್ಲಿ ನಿವೃತ್ತರಾದರು. ಯುದ್ಧದ ಗಾಯಾಳುಗಳಿಗಾಗಿ ಪ್ರತಿಷ್ಠಾನವೊಂದನ್ನು ಕಟ್ಟಿದರು. ಲೆಫ್ಟಿನೆಂಟ್ ಜನರಲ್ ಪಂಕಜ್ ಜೋಶಿ ಅವರು 1967ರಲ್ಲಿ ನೆಲಬಾಂಬಿಗೆ ಎರಡೂ ಕಾಲುಗಳನ್ನು ಕಳೆದುಕೊಂಡರು. 2001ರಲ್ಲಿ ಮೂರೂ ಪಡೆಗಳ ಸಂಯುಕ್ತ ಸಿಬ್ಬಂದಿಗೆ ಮೊದಲ ಮುಖ್ಯಸ್ಥರಾದವರು ಇದೇ ಜೋಶಿಯವರು.

ಇವರಿಗೆ ನನ್ನ ನಮನಗಳು. ಆದರೆ ಚರಿತ್ರೆಯ ವಿದ್ಯಾರ್ಥಿಯು ಒಂದು ಪ್ರಶ್ನೆಯನ್ನು ಕೇಳಲೇಬೇಕು. ಈ ಮೂವರೂ ಅಧಿಕಾರಿಗಳು. ಸೇನಾ ಮುಖ್ಯಸ್ಥರ ಕಣ್ಣಿಗೆ ಬೀಳುವಷ್ಟು ಹತ್ತಿರ ಅವರು ನಿಲ್ಲಬಲ್ಲವರಾಗಿದ್ದರು. ಹೊಳೆನರಸೀಪುರದ ಹವಾಲ್ದಾರನನ್ನು ಪರ್ವತದಲ್ಲಿ ನಡೆಸಿ ನೋಡುವ ಜನರಲ್ ಯಾರು? ಅವನ ಪರವಾಗಿ ಮಾತನಾಡುವುದು ಕಾಗದವೊಂದೇ.

ಗುಂಡೇಟಿಗೊಂದು, ಉಳುಕಿಗೊಂದು

ಕಾಗದದಲ್ಲಿ ಮುಖ್ಯವಾದ ಭೇದವೊಂದಿದೆ. ಶತ್ರುವಿನ ಎದುರಿನಲ್ಲಿ ಆದ ಗಾಯ ಒಂದು ಬಗೆ. ಕವಾಯತು, ಆಟ, ವಾಹನ ಅಪಘಾತ, ಕಾಯಿಲೆಗಳಿಂದ ಬಂದ ನ್ಯೂನತೆ ಇನ್ನೊಂದು ಬಗೆ. ಮೊದಲನೆಯವರಿಗೆ ಬಡ್ತಿಯ ನಿಯಮಗಳಲ್ಲಿ ಹೆಚ್ಚಿನ ಸಡಿಲಿಕೆ, ಪಿಂಚಣಿಯಲ್ಲಿಯೂ ಹೆಚ್ಚಿನ ದರ. ಇದು ನ್ಯಾಯವೇ. ಆದರೆ ಮೊದಲನೆಯ ಬಗೆಯವರಿಗೂ ಹಾದಿ ಎಂದೂ ಸುಗಮವಾಗಿಲ್ಲ. ನಮ್ಮ ಹುಬ್ಬಳ್ಳಿಯ ಕ್ಯಾಪ್ಟನ್ ನವೀನ್ ನಾಗಪ್ಪ ಅವರು 1999ರ ಕಾರ್ಗಿಲ್ ಯುದ್ಧದಲ್ಲಿ, ಸೇವೆಗೆ ಸೇರಿ ಕೆಲವೇ ತಿಂಗಳುಗಳಾಗಿದ್ದಾಗ, ಗ್ರೆನೇಡಿನ ಸ್ಫೋಟದಿಂದ ಕಾಲುಗಳಿಗೆ ತೀವ್ರ ಗಾಯ ಮಾಡಿಕೊಂಡರು. ದೀರ್ಘಕಾಲ ಆಸ್ಪತ್ರೆಯಲ್ಲಿದ್ದರು. ಸಮವಸ್ತ್ರದ ಬದುಕು ಅಲ್ಲಿಗೇ ಮುಗಿಯಿತು. ಅವರು ಎದೆಗುಂದದೆ ಓದಿ ಇಂಜಿನಿಯರಿಂಗ್ ಸೇವೆಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಸೇನೆಗೇ ಕಟ್ಟಡಗಳನ್ನು ಕಟ್ಟಿಕೊಡುವ ಇಲಾಖೆಯನ್ನು ಸೇರಿದರು. 1965ರ ಯುದ್ಧದಲ್ಲಿ ಗುಂಡುಗಳಿಂದ ಜರ್ಜರಿತರಾದ ಮುರಳಿಕಾಂತ್ ಪೇಟ್ಕರ್ ಎಂಬ ಜವಾನರು 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ನ ಈಜಿನಲ್ಲಿ ಚಿನ್ನ ಗೆದ್ದರು. ದೇಶವು ಅವರಿಗೆ ಪದ್ಮಶ್ರೀ ಕೊಟ್ಟದ್ದು 2018ರಲ್ಲಿ. ನಡುವೆ ಕಳೆದದ್ದು ನಲವತ್ತಾರು ವರ್ಷ.

ಇನ್ನು ಕಾನೂನಿನ ಮಾತು. ಅಂಗವಿಕಲರ ಹಕ್ಕುಗಳ 1995ರ ಕಾಯಿದೆಯ 47ನೆಯ ಕಲಮು, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಉಂಟಾದ ನೌಕರನನ್ನು ತೆಗೆದುಹಾಕಬಾರದು, ಅದೊಂದೇ ಕಾರಣಕ್ಕೆ ಬಡ್ತಿಯನ್ನು ನಿರಾಕರಿಸಬಾರದು ಎಂದಿತು. ಆದರೆ 2002ರಲ್ಲಿ ಕೇಂದ್ರ ಸರ್ಕಾರವು ಸಶಸ್ತ್ರ ಪಡೆಗಳ ಯೋಧರನ್ನು ಆ ರಕ್ಷಣೆಯಿಂದ ಹೊರಗಿಟ್ಟಿತು. 2016ರ ಹೊಸ ಕಾಯಿದೆಯಲ್ಲಿಯೂ ಇಂತಹ ವಿನಾಯಿತಿಗೆ ಅವಕಾಶ ಉಳಿದಿದೆ. ಹೀಗಾಗಿ ನನ್ನಂತಹ ಮೇಷ್ಟರಿಗೆ ಕಾಲು ಹೋದರೆ ದೊರೆಯುವ ರಕ್ಷಣೆ, ಕಾಲು ಹೋಗುವ ಸಂಭವ ಎಲ್ಲರಿಗಿಂತ ಹೆಚ್ಚಾಗಿರುವವನಿಗೆ ದೊರೆಯುವುದಿಲ್ಲ.

ಆದರೂ ನ್ಯಾಯಾಲಯಗಳು ಸುಮ್ಮನೆ ಕುಳಿತಿಲ್ಲ. ಕೆಳ ವೈದ್ಯಕೀಯ ಶ್ರೇಣಿಯಲ್ಲಿದ್ದಾನೆಂಬ ಕಾರಣಕ್ಕೆ ಒಬ್ಬನನ್ನು ಮನೆಗೆ ಕಳುಹಿಸಬೇಕಾದರೆ ಅದಕ್ಕೆಂದೇ ಇರುವ ಮೆಡಿಕಲ್ ಬೋರ್ಡಿನ ಮುಂದೆ ಅವನನ್ನು ನಿಲ್ಲಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು ರಾಜ್‌ಪಾಲ್ ಸಿಂಗ್ ಪ್ರಕರಣದಲ್ಲಿ 2008ರಲ್ಲಿ ಹೇಳಿತು. ಧರಮ್‌ವೀರ್ ಸಿಂಗ್ ಪ್ರಕರಣದ 2013ರ ತೀರ್ಪು ಇನ್ನೂ ಮಹತ್ತ್ವದ್ದು. ಸೇರುವಾಗ ಪರೀಕ್ಷಿಸಿ ಆರೋಗ್ಯವಂತನೆಂದು ಬರೆದುಕೊಂಡವರು, ಮುಂದೆ ಅವನಿಗೆ ನ್ಯೂನತೆ ಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು. ಅಲ್ಲವೆನ್ನುವುದಾದರೆ ಸಾಬೀತುಪಡಿಸುವ ಹೊಣೆ ಸರ್ಕಾರದ್ದು. ಬಡ ಸೈನಿಕನ ತಲೆಯ ಮೇಲಿದ್ದ ಪುರಾವೆಯ ಹೊರೆಯನ್ನು ಈ ತೀರ್ಪು ಇಳಿಸಿತು. 2023ರ ಸೆಪ್ಟೆಂಬರಿನಲ್ಲಿ ಹೊಸ ನಿಯಮಾವಳಿ ಜಾರಿಗೆ ಬಂದುದರಿಂದ, ಅನಂತರ ನಿವೃತ್ತರಾಗುವವರು ಅದನ್ನು ಓದಿಕೊಳ್ಳುವುದು ಅಗತ್ಯ.

ಮಹಿಳೆಯರ ವಿಷಯದಲ್ಲಿ 2021ರ ಮಾರ್ಚ್ 25ರ ತೀರ್ಪನ್ನು ಮರೆಯಬಾರದು. ಲೆಫ್ಟಿನೆಂಟ್ ಕರ್ನಲ್ ನಿತಿಶಾ ಮತ್ತಿತರರ ಪ್ರಕರಣ ಅದು. ಪುರುಷ ಅಧಿಕಾರಿಗಳಿಗೆ ಕಾಯಂ ಸೇವೆ ಸಿಗುವಾಗ ಅವರು ಯೌವನದಲ್ಲಿರುತ್ತಿದ್ದರು; ಆಗಿನ ದೇಹವನ್ನು ಪರೀಕ್ಷಿಸಲಾಗುತ್ತಿತ್ತು. ಮಹಿಳೆಯರಿಗೆ ಆ ಅವಕಾಶವನ್ನೇ ವರ್ಷಗಟ್ಟಲೆ ತಡೆಹಿಡಿದು, ಅನಂತರ ನಲವತ್ತು ದಾಟಿದವರನ್ನೂ ಅದೇ ಅಳತೆಗೋಲಿನಿಂದ ಅಳೆದರು. ಇದು ತಾರತಮ್ಯವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿ, ಸೇವೆಯ 5ನೆಯ ಅಥವಾ 10ನೆಯ ವರ್ಷದಲ್ಲಿ ಅವರ ಆರೋಗ್ಯ ಹೇಗಿತ್ತೋ ಅದನ್ನೇ ಆಧಾರವಾಗಿಟ್ಟುಕೊಳ್ಳಬೇಕೆಂದಿತು. ಅಳತೆಗೋಲು ಒಂದೇ ಆಗಿದ್ದರೆ ಸಾಲದು, ಅಳೆಯುವ ಹೊತ್ತೂ ಒಂದೇ ಆಗಿರಬೇಕೆಂಬ ಈ ಪಾಠ ನಮ್ಮ ಪರೀಕ್ಷಾ ಕೊಠಡಿಗಳಿಗೂ ಸಲ್ಲುತ್ತದೆ.

ಇನ್ನೊಂದು ಮಗ್ಗುಲು

ಹಾಗೆಂದು ಸೇನೆಯ ಕಟ್ಟುನಿಟ್ಟೆಲ್ಲವೂ ನಿಷ್ಕರುಣೆ ಎನ್ನಲಾಗದು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಒಬ್ಬರು ನಮ್ಮ ಹಾಸನ ತಾಲ್ಲೂಕಿನ ತೇಜೂರಿನ ಸುಬೇದಾರ್ ಟಿ. ಟಿ. ನಾಗೇಶ್. ಆರು ದಿನ ಹಿಮದಡಿ ಉಸಿರು ಹಿಡಿದಿದ್ದು ಆಮೇಲೆ ದೆಹಲಿಯಲ್ಲಿ ಕೊನೆಯುಸಿರೆಳೆದ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಅವರೂ ಅದೇ ತುಕಡಿಯವರು. 19 ಸಾವಿರ ಅಡಿಗೂ ಎತ್ತರದ ಅಂತಹ ಜಾಗದಲ್ಲಿ ಸುಬೇದಾರನಾದವನು ಕುರ್ಚಿಯ ಮೇಲಿನ ಅಧಿಕಾರಿಯಲ್ಲ. ಹುಡುಗರ ಮುಂದೆ ತಾನು ನಡೆಯಬೇಕು, ಬಿದ್ದವನನ್ನು ತಾನು ಹೊರಬೇಕು. ಅವನ ಮೊಣಕಾಲು ಕೈಕೊಟ್ಟರೆ ಅಪಾಯ ಅವನೊಬ್ಬನಿಗಲ್ಲ, ಹತ್ತು ಮನೆಗಳಿಗೆ. ಪರೀಕ್ಷೆ ಇರಲೇಬೇಕು. ನನ್ನ ತಕರಾರು ಪರೀಕ್ಷೆಯ ಬಗೆಗಲ್ಲ. ಪರೀಕ್ಷೆಯ ಭಯದಿಂದ ಹುಟ್ಟುವ ಮೌನದ ಬಗೆಗೆ.

ಆ ಮೌನದ ಕಥೆ

ನನ್ನ ಶಿಷ್ಯನಿಗೆ ಗಾಯವಾದದ್ದು ಯುದ್ಧದಲ್ಲಲ್ಲ. ಪಡೆಯ ವಾಲಿಬಾಲ್ ಪಂದ್ಯದಲ್ಲಿ ಎಗರಿ ಇಳಿಯುವಾಗ ಮೊಣಕಾಲು ಹೊರಳಿತು. ಆಗ ಅವನು ಹವಾಲ್ದಾರ್. ಮುಂದಿನ ಬಡ್ತಿಯ ಕೇಡರಿಗೆ ಆರು ತಿಂಗಳಿತ್ತು. ಆಸ್ಪತ್ರೆಗೆ ಹೋದರೆ ಶ್ರೇಣಿ ಇಳಿಸುತ್ತಾರೆ, ಇಳಿಸಿದರೆ ಕೇಡರಿನ ಪಟ್ಟಿಯಿಂದ ಹೆಸರು ಹೋಗುತ್ತದೆ ಎಂಬ ಭಯ. ಬಟ್ಟೆ ಬಿಗಿದು, ನೋವಿನ ಮಾತ್ರೆ ನುಂಗಿ ಆರು ತಿಂಗಳು ಕಳೆದ. ಕೇಡರಿನ ದಿನ ಬೆನ್ನ ಮೇಲೆ ಹೊರೆ ಹೊತ್ತು 5 ಕಿ.ಮೀ. ಓಡುವಾಗ ನಾಲ್ಕನೆಯ ಕಿ.ಮೀ.ಯಲ್ಲಿ ಕುಸಿದುಬಿದ್ದ. ತಪಾಸಣೆಯಲ್ಲಿ ಹಳೆಯ ಗಾಯ, ಅಸ್ಥಿರಜ್ಜು ಹರಿದು ಬಹಳ ದಿನಗಳಾಗಿವೆ ಎಂದು ಕಂಡಿತು. ಗಾಯದ ವರದಿ ಎಲ್ಲಿ ಎಂದು ಕೇಳಿದರೆ ತೋರಿಸಲು ಏನೂ ಇರಲಿಲ್ಲ. ತಾತ್ಕಾಲಿಕ ಶ್ರೇಣಿ ಕಾಯಮ್ಮಾಯಿತು. ಸರದಿ ಮುಂದಕ್ಕೆ ಹೋಯಿತು. ಅವನ ಕೈಕೆಳಗೆ ಕವಾಯತು ಕಲಿತ ಹುಡುಗನೊಬ್ಬ ನಾಯಬ್ ಸುಬೇದಾರನಾದ. "ಅವ್ನಿಗೆ ಸಲ್ಯೂಟ್ ಹೊಡೆಯೋಕೆ ಬೇಜಾರಿರ್ಲಿಲ್ಲ ಸಾರ್. ಹುಡುಗ ಒಳ್ಳೆಯವ್ನು. ಅವ್ನೇ ತಲೆ ತಗ್ಗಿಸ್ತಿದ್ನಲ್ಲ, ಅದಕ್ಕೆ ಬೇಜಾರಾಗ್ತಿತ್ತು" ಎಂದ.

"ಮೊದಲ ದಿನವೇ ಏಕೆ ಹೇಳಲಿಲ್ಲವಯ್ಯಾ?" ಎಂದು ಸ್ವಲ್ಪ ಗದರಿಸಿಯೇ ಕೇಳಿದೆ. ಅವನು ಲೋಟವನ್ನು ಕೆಳಗಿಟ್ಟು ಹೇಳಿದ: "ನೋವು ನುಂಗ್ಕೊಂಡು ಓಡು ಅಂತ ನೀವೇ ಹೇಳ್ಕೊಟ್ಟಿದ್ರಲ್ಲಾ ಸಾರ್."

ನನಗೆ ನೆನಪಾಯಿತು. ತಾಲ್ಲೂಕು ಮಟ್ಟದ ಕ್ರೀಡಾಕೂಟದ 1500 ಮೀಟರ್ ಓಟ. ದೈಹಿಕ ಶಿಕ್ಷಕರು ರಜೆಯಲ್ಲಿದ್ದುದರಿಂದ ಮಕ್ಕಳನ್ನು ಕರೆದುಕೊಂಡು ಹೋದವನು ನಾನು. ಬರಿಗಾಲಿನಲ್ಲಿ ಓಡುತ್ತಿದ್ದ ಈ ಹುಡುಗನ ಹೆಬ್ಬೆರಳು ಕಲ್ಲಿಗೆ ಎಡವಿ ರಕ್ತ ಸುರಿಯುತ್ತಿತ್ತು. ನಿಲ್ಲಲು ಹೊರಟವನಿಗೆ ಗೆರೆಯ ಪಕ್ಕದಿಂದ ನಾನು ಕೂಗಿದ್ದು ಅದೇ ಮಾತು. ಅವನು ಗೆದ್ದ. ಮರುದಿನ ಪ್ರಾರ್ಥನೆಯ ಸಾಲಿನ ಮುಂದೆ ಅವನನ್ನು ನಿಲ್ಲಿಸಿ, ಇವನನ್ನು ನೋಡಿ ಕಲಿಯಿರಿ ಎಂದು ಭಾಷಣ ಮಾಡಿದೆ. ಆ ಸಾಲಿನಲ್ಲಿ ನಿಮ್ಮಲ್ಲಿ ಕೆಲವರೂ ಇದ್ದಿರಿ. ಅವನ ಹೆಬ್ಬೆರಳು ವಾರದಲ್ಲಿ ಮಾಯಿತು. ಮಾತು ಮಾಯಲಿಲ್ಲ.

ಶಿಕ್ಷಕನಾದವನು ಇಪ್ಪತ್ತೈದು ವರ್ಷಗಳ ಹಿಂದೆ ಬಿತ್ತಿದ್ದು ಎಲ್ಲಿ ಮೊಳೆಯುತ್ತದೆಂದು ತಿಳಿಯದು ಎಂದು ಬೀಳ್ಕೊಡುಗೆ ಸಭೆಗಳಲ್ಲಿ ಎಷ್ಟೋ ಬಾರಿ ಹೆಮ್ಮೆಯಿಂದ ಕೇಳಿದ್ದೇನೆ. ಅಂದು ಮೊದಲ ಬಾರಿಗೆ ಆ ಮಾತು ನನ್ನನ್ನು ಕುಟುಕಿತು.

ಸೇವೆಯಲ್ಲಿರುವ ಮಕ್ಕಳಿಗೆ

ಆದ್ದರಿಂದ ಸಮವಸ್ತ್ರದಲ್ಲಿರುವ ನನ್ನ ಶಿಷ್ಯರಿಗೂ, ಮೈದಾನದಲ್ಲಿ 1.6 ಕಿ.ಮೀ. ಓಟದ ಅಭ್ಯಾಸ ಮಾಡುತ್ತಿರುವ ಅವರ ಮಕ್ಕಳಿಗೂ ಈ ಮುದಿ ಮೇಷ್ಟ್ರ ತಿದ್ದುಪಡಿ ಇಷ್ಟು. ಗಾಯವಾದ ದಿನವೇ ಹೇಳಿ. ಗಾಯದ ವರದಿಗೆಂದೇ ಒಂದು ನಮೂನೆ ಇದೆ. ಅದನ್ನು ತುಂಬಿಸಿ, ಸಾಕ್ಷಿಗಳ ಹೆಸರನ್ನು ಬರೆಸಿ, ಪ್ರತಿಯೊಂದನ್ನು ಮನೆಯ ಪೆಟ್ಟಿಗೆಯಲ್ಲಿಡಿ. ಪಡೆಯೇ ಏರ್ಪಡಿಸಿದ ಆಟದಲ್ಲಿ ಆದ ಗಾಯವೂ ಕರ್ತವ್ಯದ ಗಾಯವೆಂದೇ ಗಣನೆಗೆ ಬರುತ್ತದೆ; ಆದರೆ ಬರೆದಿಟ್ಟಿದ್ದರೆ ಮಾತ್ರ. ನನ್ನ ಶಿಷ್ಯ ಅಂದೇ ಹೇಳಿದ್ದರೆ ಕೆಲವು ತಿಂಗಳು ತಾತ್ಕಾಲಿಕ ಶ್ರೇಣಿಯಲ್ಲಿದ್ದು, ಚಿಕಿತ್ಸೆ ಪಡೆದು, ಮುಂದಿನ ಕೇಡರಿಗೆ ಹೋಗಬಹುದಿತ್ತು. ಬಡ್ತಿ ಖಚಿತವಾಗಿ ಸಿಗುತ್ತಿತ್ತೆಂದು ಹೇಳಲಾರೆ. ಕನಿಷ್ಠ ಶೇಕಡ 20ರಷ್ಟು ನ್ಯೂನತೆಯಿದ್ದು ಅದು ಸೇವೆಯಿಂದಲೇ ಬಂದದ್ದೆಂದು ಒಪ್ಪಿತವಾದರೆ ದೊರೆಯುವ ಪಿಂಚಣಿಯ ಹಾದಿಯಾದರೂ ತೆರೆದಿರುತ್ತಿತ್ತು. ಮರುಪರಿಶೀಲನೆಯ ಬೋರ್ಡನ್ನು ತಪ್ಪಿಸಬೇಡಿ. ಶ್ರೇಣಿ ಕೆಳಗಿಳಿಯುವಂತೆ ಮೇಲೂ ಏರುತ್ತದೆ.

2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಈ ಮಾತು ಇನ್ನೂ ಮುಖ್ಯವಾಗಿದೆ. ನಾಲ್ಕು ವರ್ಷಗಳ ಸೇವೆ. ಅನಂತರ ಕಾಯಂ ಆಗಿ ಉಳಿಯುವವರು ಶೇಕಡ 25ರವರೆಗೆ ಎಂಬುದು ಯೋಜನೆಯ ಘೋಷಣೆ. ಆ ಆಯ್ಕೆಯಲ್ಲಿ ದೇಹಸಾಮರ್ಥ್ಯಕ್ಕೂ ತೂಕವಿದೆ. ಸೇವೆಯಿಂದ ಬಂದ ಅಂಗವೈಕಲ್ಯಕ್ಕೆ ಶೇಕಡ 100, 75, 50 ಎಂಬ ಹಂತಗಳಲ್ಲಿ ಕ್ರಮವಾಗಿ 44, 25, 15 ಲಕ್ಷ ರೂಪಾಯಿಗಳ ಪರಿಹಾರವನ್ನು ಯೋಜನೆ ಹೇಳಿದೆ. ನಾಲ್ಕೇ ವರ್ಷಗಳಲ್ಲಿ ಎಲ್ಲವನ್ನೂ ತೋರಿಸಬೇಕಾದ ಹುಡುಗನಿಗೆ ನೋವನ್ನು ಬಚ್ಚಿಡುವ ಆಸೆ ನನ್ನ ಶಿಷ್ಯನಿಗಿಂತ ಹೆಚ್ಚೇ ಇರುತ್ತದೆ. ತಂದೆತಾಯಿಗಳು ಫೋನಿನಲ್ಲಿ ಊಟ ಆಯಿತೇ ಎಂದು ಕೇಳುವುದರ ಜೊತೆಗೆ, ಕಾಲು ಹೇಗಿದೆ ಎಂದೂ ಕೇಳಲಿ.

ಹೊರಡುವಾಗ ಅವನು ಬಾಗಿ ನಮಸ್ಕರಿಸಲು ಬಂದ. ಮೊಣಕಾಲು ಬಗ್ಗುವುದು ಕಷ್ಟವೆಂದು ಕಂಡು ನಾನೇ ಭುಜ ಹಿಡಿದು ನಿಲ್ಲಿಸಿದೆ. "ನಾನು ಹೇಳಿಕೊಟ್ಟ ಒಂದು ಪಾಠ ತಪ್ಪಿತ್ತು ಕಣಯ್ಯಾ" ಎಂದೆ. ಅವನು, "ಬಿಡಿ ಸಾರ್, ಆವತ್ತು ಮೆಡಲ್ ಬಂತಲ್ಲ" ಎಂದು ನಗುತ್ತಾ ಮೆಟ್ಟಿಲನ್ನು ಒಂದೊಂದಾಗಿ ಇಳಿದುಹೋದ. ಈಗ ಚನ್ನರಾಯಪಟ್ಟಣದ ಕಡೆ ಮಾವನ ತೋಟವನ್ನು ನೋಡಿಕೊಳ್ಳುತ್ತಿದ್ದಾನೆ. ಬೆಳಗಿನ ಹೊತ್ತು ಹತ್ತಾರು ಹುಡುಗರಿಗೆ ಓಟ ಕಲಿಸುತ್ತಾನಂತೆ. ಅವರಲ್ಲಿ ಯಾರಾದರೂ ಕುಂಟಿದರೆ ಮೊದಲು ನಿಲ್ಲಿಸಿ ಕಾಲು ನೋಡುತ್ತಾನಂತೆ.

ಸೈನ್ಯದಲ್ಲಿದ್ದವರು, ಇರುವವರು ನಿಮ್ಮ ಅನುಭವಗಳನ್ನು ನನಗೆ ಬರೆದು ತಿಳಿಸಿ. ನಾನು ಬರೆದುದರಲ್ಲಿ ತಪ್ಪಿದ್ದರೆ ಸಂಕೋಚವಿಲ್ಲದೆ ತಿದ್ದಿ. ಮೇಷ್ಟರೂ ತಿದ್ದಿಕೊಳ್ಳಬೇಕಾದ ವಯಸ್ಸಿದು.